ಬೆಳ್ಳಿ ಸಾಚಾ, ನಾಣ್ಯ ಖೋಟಾ

ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಹಾದುಹೋಗುವ ಯಶವಂತಪುರದಲ್ಲಿ, 1891ರಲ್ಲಿ ರೈಲ್ವೆ ಕೆಲಸಕ್ಕೆಂದು ನೆಲವನ್ನು ಅಗೆಯುತ್ತಿದ್ದಾಗ, ಅಗಸ್ಟಸ್, ಟೈಬೀರಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ 163 ಬೆಳ್ಳಿಯ ನಾಣ್ಯಗಳು ದೊರೆತುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಾತವಾಹನರ ಸೀಸದ ನಾಣ್ಯಗಳನ್ನು ಹೊರಗೆಡಹಿದ ನೆಲವೇ ರೋಮಿನ ಬೆಳ್ಳಿಯನ್ನೂ ಹೊರಗೆಡಹಿತು. ಕಡಲಾಚೆಯ ಬೆಳ್ಳಿ ನಮ್ಮ ಸೀಮೆಯ ಮಣ್ಣಿಗೆ ಅಪರಿಚಿತವಲ್ಲವೆಂಬ ಈ ಸತ್ಯವೇ ವಂಚಕನಿಗೆ ಬಂಡವಾಳ. ಗುಬ್ಬಿಯ ಜಾತ್ರೆಯಲ್ಲಿಯೋ ಕುಣಿಗಲಿನ ಸಂತೆಯಲ್ಲಿಯೋ ಒಬ್ಬನು ಬಟ್ಟೆಯ ಗಂಟನ್ನು ಬಿಚ್ಚಿ, ‘ಅಲೆಗ್ಸಾಂಡರನ ಕಾಲದ್ದು ಸ್ವಾಮಿ, ಹೊಲ ಉಳುವಾಗ ಸಿಕ್ಕಿತು’ ಎಂದರೆ, ಕೇಳುವವನು ನಂಬದಿದ್ದರೂ ಒಮ್ಮೆ ಕೈಗೆತ್ತಿಕೊಂಡು ನೋಡದಿರಲಾರನು.

ಕೊಂಡವನು ಮೊದಲು ಹೋಗುವುದು ಚಿನಿವಾರನ ಅಂಗಡಿಗೆ. ಆತನು ಒರೆಗಲ್ಲಿಗೆ ಉಜ್ಜಿ, ತಕ್ಕಡಿಯಲ್ಲಿಟ್ಟು, ‘ಬೆಳ್ಳಿಯೇನೋ ಸಾಚಾ’ ಎಂದು ಹೇಳುವನು. ಆ ಮಾತೂ ನಿಜವೇ. ಆದರೆ ಲೋಹವು ನಿಜವೆಂಬುದೂ ನಾಣ್ಯವು ನಿಜವೆಂಬುದೂ ಬೇರೆ ಬೇರೆ ಸಂಗತಿಗಳು. ಪ್ರಾಚೀನರಿಗೆ ಮೊದಲನೆಯದೇ ಮುಖ್ಯವಾಗಿತ್ತು. ಕ್ರಿ.ಪೂ. 375ರ ಸುಮಾರಿನ ಅಥೆನ್ಸ್ ನಗರದ ಶಾಸನವೊಂದರಂತೆ, ಸರ್ಕಾರದ ದಾಸನಾದ ನಾಣ್ಯಪರೀಕ್ಷಕನು ಲೇವಾದೇವಿಗಾರರ ಮೇಜುಗಳ ನಡುವೆ ಕುಳಿತು, ಒಳಗೆ ತಾಮ್ರವನ್ನೋ ಸೀಸವನ್ನೋ ಇಟ್ಟು ಹೊರಗೆ ಬೆಳ್ಳಿಯ ಹೊದಿಕೆ ಹಾಕಿದ ನಾಣ್ಯವನ್ನು ಕಂಡೊಡನೆ ಕತ್ತರಿಸಿ, ದೇವಮಾತೆಯ ಗುಡಿಗೆ ಒಪ್ಪಿಸಬೇಕಾಗಿತ್ತು. ಕೌಟಿಲ್ಯನ ರೂಪದರ್ಶಕನು ನಮ್ಮಲ್ಲಿ ಇದೇ ವೃತ್ತಿಯವನು. ವಿಚಿತ್ರವೆಂದರೆ, ಅಂದು ಗಡಿಪಾರಾದ ಅಂತಹ ಕಳ್ಳನಾಣ್ಯವೇ ಇಂದು ಸಿಕ್ಕರೆ ಸಂಗ್ರಾಹಕನು ಅದನ್ನು ಪ್ರಾಚೀನವಸ್ತುವೆಂದು ಆದರಿಸುವನು; ಅದರ ಮೇಲಿನ ಕತ್ತರಿಯ ಗಾಯವೂ ಅವನಿಗೆ ಒಂದು ಸಾಕ್ಷ್ಯ.

ಈಚಿನ ಶತಮಾನಗಳ ಕೂಟನಾಣ್ಯಕಾರನು ಬೆಳ್ಳಿಯಲ್ಲಿ ಜಿಪುಣತನ ಮಾಡುವುದಿಲ್ಲ. ಜರ್ಮನಿಯ ಬೆಕರ್ (1772–1830) ಎಂಬ ನಿಪುಣನು ತಾನೇ ಅಚ್ಚುಗಳನ್ನು ಕೊರೆದು, ಕೆಲವೊಮ್ಮೆ ಸವೆದ ನಿಜವಾದ ಪ್ರಾಚೀನ ನಾಣ್ಯಗಳ ಮೇಲೆಯೇ ಹೊಸ ಮುದ್ರೆಯನ್ನೊತ್ತಿದನು. ಅನಂತರ ಅವುಗಳನ್ನು ಕಬ್ಬಿಣದ ಅರಪುಡಿಯೊಡನೆ ಪೆಟ್ಟಿಗೆಯಲ್ಲಿಟ್ಟು, ತನ್ನ ಗಾಡಿಗೆ ಕಟ್ಟಿ ಸುತ್ತಾಡಿಸಿ ಮುಪ್ಪು ತರಿಸುತ್ತಿದ್ದನೆಂದು ಹೇಳುತ್ತಾರೆ. ಅಲ್ಲಿ ಒರೆಗಲ್ಲು ಏನು ತಾನೆ ಹೇಳೀತು?

ಆದುದರಿಂದ ನೋಡಬೇಕಾದುದು ನಾಣ್ಯವು ಹುಟ್ಟಿದ ಬಗೆಯನ್ನು. ಗ್ರೀಕರು ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಅಡಿಯಚ್ಚಿನ ಮೇಲಿಟ್ಟು, ಮೇಲಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆ ಏಟಿಗೆ ಲೋಹವು ನಡುವಿನಿಂದ ಅಂಚಿಗೆ ಹರಿದು, ಅಕ್ಷರಗಳ ಸುತ್ತ ಸೂಕ್ಷ್ಮರೇಖೆಗಳನ್ನೂ ಅಂಚಿನಲ್ಲಿ ಬಿರುಕುಗಳನ್ನೂ ಉಳಿಸುತ್ತದೆ; ಚಿತ್ರವು ಒಂದು ಪಕ್ಕಕ್ಕೆ ಸರಿದಿರುವುದೂ ಉಂಟು. ಕರಗಿಸಿ ಎರಕಹೊಯ್ದ ನಕಲಿನಲ್ಲಿ ಈ ಹರಿವು ಇರುವುದಿಲ್ಲ. ಭೂತಗನ್ನಡಿಯಲ್ಲಿ ಗುಳ್ಳೆಯೊಡೆದ ಕುಳಿಗಳೂ, ಅಚ್ಚುಬೆಲ್ಲದ ಅಂಚಿನಂತೆ ದುಂಡಗಾದ ಅಕ್ಷರಗಳೂ, ಎರಡು ಪಡಿಯಚ್ಚುಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿದ ಗುರುತೂ ಕಾಣುತ್ತವೆ. ಒಂದೇ ಅಚ್ಚಿನ ನಾಣ್ಯಗಳು ಚಿತ್ರದಲ್ಲಿ ಹೋಲಬಹುದು. ಆದರೆ ಬಿರುಕು, ಗೀರು, ಅಂಚಿನ ವಕ್ರತೆ ಸಹಿತ ಎರಡು ನಾಣ್ಯಗಳು ಒಂದೇ ತೆರನಾಗಿದ್ದರೆ, ಒಂದಾದರೂ ನಕಲು.

ತೂಕವೂ ಮಾತನಾಡುತ್ತದೆ. ಒಂದು ಕಡೆ ಅಥೀನಾ ದೇವಿಯ ಮುಖವನ್ನೂ ಇನ್ನೊಂದು ಕಡೆ ಗೂಬೆಯನ್ನೂ ಹೊತ್ತ, ಅಥೆನ್ಸಿನ ನಾಲ್ಕು ದ್ರಾಖ್ಮದ ನಾಣ್ಯವು ಸುಮಾರು 17.2 ಗ್ರಾಂ ತೂಗುತ್ತದೆ. ಅದನ್ನು ತೆಳು ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದರೆ ಸುಮಾರು 1.65 ಗ್ರಾಂ ಕಡಮೆಯಾಗಬೇಕು. ಅದೇ ತೂಕದ ತಾಮ್ರ-ನಿಕಲ್ ಮಿಶ್ರಣವಾದರೆ ಇಳಿತವು 1.9 ಗ್ರಾಂ ಮೀರುವುದು. ಬೆಕರನಂತಹವನ ಮುಂದೆ ಈ ಪರೀಕ್ಷೆಯೂ ಸೋಲುವುದೆಂಬುದನ್ನು ಮರೆಯತಕ್ಕದ್ದಲ್ಲ.

ಭಾರತದ ಯವನರಾಜರ, ಎಂದರೆ ಇಲ್ಲಿ ಆಳಿದ ಗ್ರೀಕ್ ಅರಸರ, ನಾಣ್ಯಗಳಲ್ಲಿ ಇನ್ನೊಂದು ಅನುಕೂಲವಿದೆ. ಮಿನಾಂಡರನ, ಎಂದರೆ ಬೌದ್ಧರ ಮಿಲಿಂದನ, ಬೆಳ್ಳಿಯ ದ್ರಾಖ್ಮವು ಸುಮಾರು 2.4 ಗ್ರಾಂ ತೂಗುವ ಪುಟ್ಟ ವಸ್ತು. ಮುಂಬದಿಯಲ್ಲಿ ಗ್ರೀಕ್ ಲಿಪಿ, ಹಿಂಬದಿಯಲ್ಲಿ ಖರೋಷ್ಠಿ ಲಿಪಿಯ ‘ಮಹರಜಸ ತ್ರತರಸ ಮೆನಂದ್ರಸ’ ಎಂಬ ಪ್ರಾಕೃತ. ಕ್ರಿಸ್ತಶಕದ ಮೊದಲ ಶತಮಾನದಲ್ಲಿಯೂ ಇವು ಭರುಕಚ್ಛದ, ಎಂದರೆ ಇಂದಿನ ಭರೂಚಿನ, ಪೇಟೆಯಲ್ಲಿ ಚಲಾವಣೆಯಲ್ಲಿದ್ದುವೆಂದು ‘ಪೆರಿಪ್ಲಸ್’ ಎಂಬ ಗ್ರೀಕ್ ಸಮುದ್ರಯಾನ ಗ್ರಂಥದ ಕರ್ತನು ಹೇಳುತ್ತಾನೆ. ನಕಲುಗಾರನು ಮುಖವನ್ನು ತಿದ್ದಬಲ್ಲನು. ತನಗೆ ಓದಲು ಬಾರದ ಖರೋಷ್ಠಿಯನ್ನು ಬರೆಯುವಾಗ ಅವನ ಕೈ ತಪ್ಪುತ್ತದೆ. ನಾಣ್ಯದ ಮೇಲಿನ ಕಿಲುಬೂ ಸಾಕ್ಷಿಯೇ; ಪುರಾತನವಾದ ಆ ಕಪ್ಪನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದವನು, ಪರೀಕ್ಷಕನಿಗೆ ಬೇಕಾದ ಸಾಕ್ಷ್ಯವನ್ನು ತಾನೇ ತೊಳೆದುಹಾಕಿದಂತೆ.

ಕೊನೆಗೆ ಮಾರುವವನ ಕಥೆಯ ಪರೀಕ್ಷೆಯೊಂದು ಉಳಿಯಿತು. ನಿಧಿ ಕಾಯಿದೆಯಂತೆ, ನೆಲದಲ್ಲಿ ಹುದುಗಿದ್ದ ನಿಧಿ ದೊರೆತವನು ಜಿಲ್ಲೆಯ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಹೊಲದಲ್ಲಿ ಸಿಕ್ಕಿತೆಂದವನನ್ನು ‘ತುಮಕೂರಿನ ಕಚೇರಿಗೆ ಅರ್ಜಿ ಕೊಟ್ಟೆಯೇನಪ್ಪ?’ ಎಂದು ಕೇಳಿ ನೋಡಬಹುದು. ಹೊಲದ ನಾಣ್ಯವು ಆ ಕ್ಷಣವೇ ಅಜ್ಜನ ಪೆಟ್ಟಿಗೆಯ ನಾಣ್ಯವಾದರೆ ಆಶ್ಚರ್ಯಪಡಬೇಕಾಗಿಲ್ಲ.