ಎತ್ತು, ರಸ್ತೆ, ಕೋಲ್ಕಾರ: ಕಂಪನಿ ಕಲಿತ ಕಾಡುಯುದ್ಧ

ಗುಂಡ್ಲುಪೇಟೆ ದಾಟುತ್ತಲೇ ದಾರಿ ಕವಲೊಡೆಯುತ್ತದೆ. ಎಡದ್ದು ಬಂಡೀಪುರ ಹಾಯ್ದು ಊಟಿಗೆ, ಬಲದ್ದು ಮದ್ದೂರು, ಮುತ್ತಂಗದ ಕಾಡಿನೊಳಗಿಂದ ಸುಲ್ತಾನ್ ಬತ್ತೇರಿಗೆ. ಬಲಗಡೆಯ ಈ ಕಾಡು ಮುಗಿದಲ್ಲಿ ವಯನಾಡು. ಶ್ರೀರಂಗಪಟ್ಟಣದ ಕೋಟೆಯನ್ನೇ ಒಡೆದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ 1800ರಿಂದ 1805ರವರೆಗೆ ಅಲ್ಲಿ ಪಟ್ಟ ಪಾಡು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆದಿಲ್ಲ. ಪಡೆಯಬೇಕಿತ್ತು.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ. ಮೈಸೂರಿನಲ್ಲಿ ಕಂಪನಿ ಜಾಣತನ ತೋರಿತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೇರಿಸಿತು, ಟಿಪ್ಪುವಿನ ಕಾಲದ ಪೂರ್ಣಯ್ಯನವರನ್ನೇ ದಿವಾನರನ್ನಾಗಿ ಮಾಡಿತು. ಆ ಬಾಲರಾಜರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಅರಿಕುಠಾರದಲ್ಲಿ. ಮಗ ದೊಡ್ಡವರಾದ ಮೇಲೆ, 1818ರಲ್ಲಿ, ತಂದೆಯ ನೆನಪಿಗೆ ಆ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು. ಅರಮನೆಯಲ್ಲಿ ಒಡೆಯರು, ಕಚೇರಿಯಲ್ಲಿ ಪೂರ್ಣಯ್ಯ ಇದ್ದುದರಿಂದ ಈ ಸೀಮೆಯ ರೈತನ ಕಣ್ಣಿಗೆ ಪರದೇಶಿ ಆಳ್ವಿಕೆ ನೇರವಾಗಿ ಬೀಳಲಿಲ್ಲ. ವಯನಾಡಿನಲ್ಲಿ ಹಾಗಾಗಲಿಲ್ಲ. ಅದು ನನ್ನದು ಎಂದು ಕಂಪನಿ ಹೊರಟಾಗ, ಉತ್ತರ ಮಲಬಾರಿನ ಕೋಟ್ಟಯಂ ರಾಜಮನೆತನದ ಕೇರಳ ವರ್ಮ ಪಳಶ್ಶಿರಾಜ ಅಡ್ಡ ನಿಂತ. 1797ರಲ್ಲೇ ಪೆರಿಯ ಘಾಟಿಯಲ್ಲಿ ಮೇಜರ್ ಕ್ಯಾಮೆರಾನ್‌ನನ್ನೂ ಅವನ ಪಡೆಯನ್ನೂ ರಾಜನ ಕಡೆಯವರು ಕಡಿದುಹಾಕಿದ್ದರು.

ಮೈಸೂರಿನ ಪಡೆಗಳ ಹೊಣೆ ಆಗ ಆರ್ಥರ್ ವೆಲ್ಲೆಸ್ಲಿಯದು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಇಲ್ಲಿ ಅವನ ಮೊದಲ ಎದುರಾಳಿ ಚನ್ನಗಿರಿಯ ಧೋಂಡಿಯಾ ವಾಘ್. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾಗಿ, ದಂಡು ಕಟ್ಟಿ, ಉಭಯ ಲೋಕಾಧೀಶ್ವರ ಎಂದು ಬಿರುದು ಇಟ್ಟುಕೊಂಡವನು. ಬಯಲುಸೀಮೆಯಲ್ಲಿ ಅವನ ಕುದುರೆಗಳನ್ನು ಹಿಡಿಯಲು ವೆಲ್ಲೆಸ್ಲಿ ನೆಚ್ಚಿದ್ದು ಎತ್ತುಗಳನ್ನು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬೆಳೆದು ಬಂದ ಅಮೃತಮಹಲ್ ರಾಸುಗಳು ಫಿರಂಗಿ ಎಳೆದವು. ಲಂಬಾಣಿಗಳು ಹೇರೆತ್ತುಗಳ ಮೇಲೆ ಧಾನ್ಯ ತಂದರು. ಹೊಳೆ ತುಂಬಿದರೆ ಹರಿಗೋಲು. ಅವನ ಆ ಕಾಲದ ಪತ್ರಗಳ ತುಂಬ ಅಕ್ಕಿ, ಎತ್ತು, ಹರಿಗೋಲಿನದೇ ಮಾತು. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಧೋಂಡಿಯಾ ಹತನಾದ.

ಇದೇ ಲೆಕ್ಕಾಚಾರ ಕಾಡಿಗೆ ಕೂಡಿಬರಲಿಲ್ಲ. ಬಿದಿರುಮೆಳೆಯಲ್ಲಿ ಕುದುರೆಗೆ ಕೆಲಸವಿಲ್ಲ. ಮುಂಗಾರು ಹಿಡಿದರೆ ದಾರಿಯೆಲ್ಲ ಕೆಸರು, ಮಳೆ ನಿಂತರೆ ಚಳಿಜ್ವರ. ವೆಲ್ಲೆಸ್ಲಿ ಮರ ಕಡಿಸಿ ರಸ್ತೆ ಮಾಡಿಸಿದ, ಅಲ್ಲಲ್ಲಿ ಠಾಣ್ಯ ಕೂರಿಸಿದ. ಮೈಸೂರು ಕಡೆಯಿಂದ ನುಗ್ಗಿದ ಕರ್ನಲ್ ಸ್ಟೀವನ್‌ಸನ್ 1801ರ ಆರಂಭಕ್ಕೇ ವಯನಾಡನ್ನು ವಶಮಾಡಿಕೊಂಡ. ಪಳಶ್ಶಿರಾಜ ಕಾಡುಪಾಲಾದ. ಎಲ್ಲ ಮುಗಿಯಿತು ಎಂದುಕೊಂಡರು.

ಮುಗಿದಿರಲಿಲ್ಲ. 1802ರಲ್ಲಿ ಒಬ್ಬ ಡವಾಲಿ ಪೇದೆ ಕುರಿಚಿಯ ಬುಡಕಟ್ಟಿನವನೊಬ್ಬನ ಮನೆ ಬಾಗಿಲಿಗೆ ಬಂದು ಭತ್ತ ಕೊಡು ಎಂದು ಕೇಳಿದ. ಒಳಗೆ ರಾಜನ ಸೇನಾನಿ ಎಡಚ್ಚೇನ ಕುಂಗನ್ ಇದ್ದ. ಎದ್ದು ಬಂದವನೇ ಪೇದೆಯನ್ನು ಕೊಂದ. ಕುರಿಚಿಯರು ಬಿಲ್ಲುಬಾಣ ಹಿಡಿದು ತಲಕ್ಕಲ್ ಚಂದುವಿನ ಹಿಂದೆ ನಡೆದರು. ಅಕ್ಟೋಬರ್ 11ರಂದು ಪನಮರಂ ಠಾಣ್ಯದ ಮೇಲೆ ಬಿದ್ದರು. ಕ್ಯಾಪ್ಟನ್ ಡಿಕಿನ್‌ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಸೇರಿ ಸುಮಾರು 70 ಜನ ಸತ್ತರು. 112 ಕೋವಿಗಳು ದಂಗೆಯವರ ಕೈಸೇರಿದವು. ಕೆಲವೇ ಮೈಲಿ ದೂರದ ಪುಳಿಂಞಾಲ್‌ನಲ್ಲಿ 360 ಜನರ ಇನ್ನೊಂದು ಪಡೆಯಿತ್ತು, ಅದು ಕದಲಲೇ ಇಲ್ಲ. ಕಾಡಿನಲ್ಲಿ ಯಾರು ಎಲ್ಲಿದ್ದಾರೆ ಎಂದು ಗೊತ್ತಿಲ್ಲದವನಿಗೆ ಕೋವಿ ಇದ್ದೇನು ಪ್ರಯೋಜನ?

ಚಾಮರಾಜನಗರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲಕ್ಕಾಗಿ ಹೋರಾಡಿದ ಪಳಶ್ಶಿರಾಜನಿಗೂ ದಂತಚೋರ ವೀರಪ್ಪನ್‌ಗೂ ಹೋಲಿಕೆಯಿಲ್ಲ. ಆದರೆ 1992ರ ಆಗಸ್ಟ್ 14ರಂದು ಎಸ್ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹ್ಮದ್ ಮೀಣ್ಯಂ ಬಳಿ ಹೊಂಚುದಾಳಿಗೆ ಬಲಿಯಾದದ್ದು ಸುಳ್ಳು ಸುದ್ದಿ ನಂಬಿ ಹೋಗಿದ್ದರಿಂದ. ಸ್ವಂತ ಸರ್ಕಾರದ ಪೊಲೀಸರಿಗೇ ಕಾಡಿನ ಸುದ್ದಿ ಇಷ್ಟು ದುಬಾರಿಯಾದರೆ, ಸಾಗರದಾಚೆಯಿಂದ ಬಂದವರ ಪಾಡೇನು?

ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲಿನ ಯುದ್ಧಕ್ಕೆ ಹೊರಟುಹೋದ. ಮಲಬಾರಿನ ಕಲೆಕ್ಟರ್ ಮೇಜರ್ ಮ್ಯಾಕ್ಲಿಯಡ್ ಕಂದಾಯ ಏರಿಸಿ, ಜನರ ಆಯುಧ ಕಸಿಯಲು ಹೋಗಿ ದಂಗೆಯನ್ನು ಇನ್ನಷ್ಟು ಹಬ್ಬಿಸಿದ, 1804ರಲ್ಲಿ ಹುದ್ದೆ ಬಿಟ್ಟ. ಯುದ್ಧದ ದಿಕ್ಕು ಬದಲಿಸಿದವರು ಕೋಲ್ಕಾರರು. ಕ್ಯಾಪ್ಟನ್ ವಾಟ್ಸನ್ ಸ್ಥಳೀಯರನ್ನೇ ಸೇರಿಸಿ 1200 ಜನರ ಈ ಪೊಲೀಸ್ ಪಡೆ ಕಟ್ಟಿದ್ದ. ಕಾಡಿನ ಜಾಡು, ಊರಿನ ಮಾತು, ಯಾರ ಮನೆಯಲ್ಲಿ ಯಾರಿಗೆ ಊಟ ಸಿಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಸಬ್ ಕಲೆಕ್ಟರ್ ಥಾಮಸ್ ಬೇಬರ್ ಊರೂರಿಗೆ ಗೂಢಚಾರರನ್ನು ಬಿಟ್ಟ. 1805ರ ನವೆಂಬರ್ 30ರಂದು ಪುಲ್ಪಳ್ಳಿ ಬಳಿಯ ಮಾವಿಲತೋಡಿನಲ್ಲಿ, ಮೈಸೂರು ಗಡಿಗೆ ಹತ್ತಿರದಲ್ಲೇ, ಪಳಶ್ಶಿರಾಜನ ಅಂತ್ಯವಾಯಿತು. ಸತ್ತದ್ದು ಗುಂಡೇಟಿನಿಂದಲೋ, ತಾನೇ ಪ್ರಾಣ ಬಿಟ್ಟನೋ ಎಂಬ ವಾದ ಕೇರಳದಲ್ಲಿ ಇನ್ನೂ ನಡೆದಿದೆ. ಶತ್ರುವಿನ ಶವವನ್ನು ಬೇಬರ್ ತನ್ನದೇ ಪಲ್ಲಕ್ಕಿಯಲ್ಲಿ ಹೊರಿಸಿದ, ಮಾನಂದವಾಡಿಯಲ್ಲಿ ಮರ್ಯಾದೆಯಿಂದ ದಹನಸಂಸ್ಕಾರ ಮಾಡಿಸಿದ.

ಕೋಲ್ಕಾರರನ್ನು ದ್ರೋಹಿಗಳೆಂದು ಬೈದು ಮುಗಿಸಲು ನನಗೆ ಮನಸ್ಸಾಗದು. ಬೆಳೆ ಸುಟ್ಟು, ಊರು ಖಾಲಿಯಾಗಿದ್ದ ಕಾಲದಲ್ಲಿ ಸಂಬಳವೆಂದರೆ ಹೊಟ್ಟೆಯ ಹಿಟ್ಟು. ಆದರೂ ಕಂಪನಿ ಅಲ್ಲಿ ಗೆದ್ದದ್ದು ನೆಲವನ್ನಷ್ಟೇ. ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂದು ಪೀಡಿಸಿದಾಗ, 1812ರಲ್ಲಿ, ಕುರಿಚಿಯರೂ ಕುರುಂಬರೂ ಮತ್ತೆ ಬಿಲ್ಲು ಹಿಡಿದರು.

ಬತ್ತೇರಿ ದಾರಿಯಲ್ಲಿ ವಯನಾಡಿನ ರೆಸಾರ್ಟುಗಳಿಗೆ ಹೋಗುವವರು ಮಾನಂದವಾಡಿಯ ಪಳಶ್ಶಿರಾಜನ ಸಮಾಧಿಗೂ ಪನಮರಂನ ತಲಕ್ಕಲ್ ಚಂದು ಸ್ಮಾರಕಕ್ಕೂ ಒಂದು ದಿನ ಮೀಸಲಿಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಗಡಿಯಾಚೆಯ ಕಥೆ ಎಂದು ಬಿಡಬೇಡಿ, ಅವರನ್ನು ಬೆನ್ನಟ್ಟಿದ ದಂಡು ಹೋದದ್ದು ಮೈಸೂರಿನಿಂದಲೇ.