ಚೆಂಡೆಯೂ ಕೇಳಬೇಕು, ಕಿವಿಯೂ ಉಳಿಯಬೇಕು: ಹೆಡ್‌ಫೋನ್ ಕೊಳ್ಳುವ ಮುನ್ನ...

ಕಾಸರಗೋಡು: ಒಂದು ಕಾಲದಲ್ಲಿ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಮನೆಗಳಲ್ಲಿ ತಾಳಮದ್ದಳೆ ಎಂದರೆ ಇಡೀ ಮನೆಯೇ ಕೂತು ಕೇಳುವ ಸಂಗತಿ. ಮಂಗಳೂರು ಆಕಾಶವಾಣಿಯಲ್ಲಿ ಪ್ರಸಂಗ ಶುರುವಾಯಿತೆಂದರೆ ಅಜ್ಜ ಜಗಲಿಯಲ್ಲಿ, ಅಜ್ಜಿ ಅಡುಗೆ ಮನೆಯಲ್ಲಿ, ಮಕ್ಕಳು ಚಾಪೆಯಲ್ಲಿ. ರೇಡಿಯೊ ಒಂದೇ, ಕೇಳುವ ಕಿವಿ ಹತ್ತು. ಆಮೇಲೆ ಕ್ಯಾಸೆಟ್ ಬಂತು, ಸಿ.ಡಿ. ಬಂತು. ಈಗ ಎಲ್ಲವೂ ಮೊಬೈಲ್ ಒಳಗೆ. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಅಗಲಿದರು, ಬಲಿಪ ನಾರಾಯಣ ಭಾಗವತರು 2023ರಲ್ಲಿ. ಆದರೂ ಶೇಣಿಯವರ ಅರ್ಥ, ಬಲಿಪರ ಪದ ಬೇಕೆಂದಾಗ ಸಿಗುತ್ತದೆ.

ಸಿಗುತ್ತದೆ, ಸರಿ. ಆದರೆ ಕೇಳುವುದು ಯಾವುದರಲ್ಲಿ? ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲಿ ಮದ್ದಳೆಯ ಗುಂಭ ಕೇಳಿಸದು. ಪಕ್ಕದಲ್ಲಿ ಮಕ್ಕಳು ಓದುತ್ತಿದ್ದರೆ ಜೋರಾಗಿ ಇಡುವ ಹಾಗೂ ಇಲ್ಲ. ಹಾಗಾಗಿ ಈಗ ಹೆಡ್‌ಫೋನ್ ಹರೆಯದವರ ಸೊತ್ತು ಮಾತ್ರವಲ್ಲ, ಅಜ್ಜನ ಕಪಾಟಿಗೂ ಬಂದಿದೆ. ಅಂಗಡಿಗೆ ಹೋದರೆ ನೂರು ಪೆಟ್ಟಿಗೆ, ಪೆಟ್ಟಿಗೆ ಮೇಲೆ ನೂರು ಶಬ್ದ. ಯಾವುದು ನಂಬುವುದು, ಯಾವುದು ಬಿಡುವುದು?

ಕಡಿಮೆ ವಾಲ್ಯೂಮ್‌ನಲ್ಲೇ ಪರೀಕ್ಷೆ

ಒಳ್ಳೆಯ ಹೆಡ್‌ಫೋನ್ ಗುರುತಿಸಲು ಒಂದು ಸರಳ ಸೂತ್ರ ಉಂಟು. ಸಣ್ಣ ವಾಲ್ಯೂಮ್‌ನಲ್ಲೂ ಮಾತು ಸ್ಪಷ್ಟವಾಗಿ ಕೇಳಿದರೆ ಅದು ಒಳ್ಳೆಯದು. ಜೋರು ಮಾಡಿದರೆ ಮಾತ್ರ ಚೆಂದ ಅನಿಸಿದರೆ ಅದು ಬೇಡ.

ಕಾರಣ ತೆಂಕುತಿಟ್ಟಿನಲ್ಲೇ ಇದೆ. ಭಾಗವತರ ಏರು ಸ್ವರ, ಜಾಗಟೆಯ ನಾದ, ಚೆಂಡೆಯ ಚೂಪು ಪೆಟ್ಟು ಒಂದು ಕಡೆ. ಪದ ಮುಗಿದ ಮೇಲೆ ಅರ್ಥಧಾರಿಯ ಮೆಲುಮಾತು ಇನ್ನೊಂದು ಕಡೆ. ಹಳೆಯ ಧ್ವನಿಮುದ್ರಣಗಳಲ್ಲಿ ಇವೆರಡರ ನಡುವೆ ಅಂತರ ಜಾಸ್ತಿ. ಹೆಡ್‌ಫೋನ್ ಮಬ್ಬಾಗಿದ್ದರೆ ಮಾತು ಅರ್ಥವಾಗುವುದಿಲ್ಲ, ಕೇಳುವವರು ವಾಲ್ಯೂಮ್ ಏರಿಸುತ್ತಾರೆ. ಅಷ್ಟರಲ್ಲಿ ಹಿಮ್ಮೇಳ ಏಳುತ್ತದೆ. ಏರಿಸಿದ ವಾಲ್ಯೂಮ್‌ನಲ್ಲೇ ಚೆಂಡೆ ಕಿವಿಗೆ ಬಡಿಯುತ್ತದೆ!

ಅಗ್ಗದ ಅನೇಕ ಹೆಡ್‌ಫೋನ್‌ಗಳಲ್ಲಿ ‘ಬಾಸ್’ ಅಂದರೆ ತಗ್ಗು ಸ್ವರವನ್ನು ಬೇಕೆಂದೇ ಹೆಚ್ಚಿಸಿರುತ್ತಾರೆ. ಸಿನಿಮಾ ಹಾಡಿಗೆ ಅದು ಮೊದಲ ಎರಡು ನಿಮಿಷ ಖುಷಿ ಕೊಡುತ್ತದೆ. ಆದರೆ ಜೋರಾದ ತಗ್ಗು ಸ್ವರ ಮೇಲಿನ ಸ್ವರಗಳನ್ನು ಮುಚ್ಚಿ ಬಿಡುತ್ತದೆ. ಮಾತಿನ ಸ್ಪಷ್ಟತೆ ಇರುವುದೇ ಮೇಲಿನ ಸ್ವರಗಳಲ್ಲಿ, ಮುಖ್ಯವಾಗಿ 1,000ದಿಂದ 4,000 ಹರ್ಟ್ಜ್ ನಡುವೆ. ಅರ್ಥಗಾರಿಕೆಗಾಗಲಿ, ಶಾಸ್ತ್ರೀಯ ಸಂಗೀತಕ್ಕಾಗಲಿ, ಭಾವಗೀತೆಗಾಗಲಿ ಬಾಸ್ ತುಂಬಿದ ಹೆಡ್‌ಫೋನ್ ಹೊಂದುವುದಿಲ್ಲ.

ಹಾಗಾಗಿ ಅಂಗಡಿಯವರು ಹಾಕುವ ಹಾಡು ಕೇಳಿ ತೀರ್ಮಾನಿಸಬಾರದು. ನಿಮ್ಮದೇ ಮೊಬೈಲ್, ನಿಮಗೆ ಬಾಯಿಪಾಠ ಇರುವ ಪ್ರಸಂಗ ಒಯ್ಯಿರಿ. ವಾಲ್ಯೂಮ್ ಅರ್ಧಕ್ಕೆ ಇಡಿ. ನಾಲ್ಕು ಸಂಗತಿ ಗಮನಿಸಿ: ಅರ್ಥಧಾರಿಯ ಪ್ರತಿ ಶಬ್ದ ಬಿಡಿ ಬಿಡಿಯಾಗಿ ಕೇಳುತ್ತದಾ? ಚೆಂಡೆ, ಮದ್ದಳೆ ಬೇರೆ ಬೇರೆಯಾಗಿ ಗೊತ್ತಾಗುತ್ತದಾ? ಜಾಗಟೆ ಕಿವಿ ಚುಚ್ಚುತ್ತದಾ? ಎಲ್ಲದರ ಅಡಿಯಲ್ಲಿ ಶ್ರುತಿ ನಿಂತಿದೆಯಾ? ಹತ್ತು ಹದಿನೈದು ನಿಮಿಷ ಹಾಕಿಕೊಂಡೇ ಇರಿ. ಕನ್ನಡಕ ಹಾಕುವವರು ಕನ್ನಡಕ ಸಮೇತ ನೋಡಬೇಕು. ತಾಳಮದ್ದಳೆ ಐದು ನಿಮಿಷದ ಹಾಡಲ್ಲ, ಮೂರು ಗಂಟೆ ಉಂಟು ಮಾರಾಯ್ರೆ!

ಯಾರಿಗೆ ಯಾವುದು?

ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಮನೆಯಲ್ಲಿ ಕೂತು ಕೇಳುವವರಿಗೆ ಉತ್ತಮ. ಇದರಲ್ಲಿ ಎರಡು ಬಗೆ. ಹಿಂಬದಿ ಮುಚ್ಚಿದ್ದು ಹೊರಗಿನ ಸದ್ದು ತಡೆಯುತ್ತದೆ. ಹಿಂಬದಿ ತೆರೆದದ್ದರಲ್ಲಿ ಧ್ವನಿ ಹೊರಗಿನಿಂದ ಬಂದಂತೆ ಸಹಜವಾಗಿರುತ್ತದೆ, ಆದರೆ ಪಕ್ಕದವರಿಗೂ ಕೇಳುತ್ತದೆ. ತೆರೆದ ಬಗೆಯನ್ನು 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ‘ಎಚ್‌ಡಿ 414’ ಮೂಲಕ ಜನಪ್ರಿಯಗೊಳಿಸಿತು. ಒಬ್ಬರೇ ಇರುವ ಕೋಣೆಗೆ ಅದು ಸರಿ, ಬಸ್ಸಿಗೆ ಅಲ್ಲ.

ಕಿವಿಯೊಳಗೆ ಸಿಕ್ಕಿಸುವ ಇಯರ್‌ಫೋನ್‌ನಲ್ಲಿ ಎಲ್ಲವೂ ರಬ್ಬರ್ ತುದಿಯ ಮೇಲೆ ನಿಂತಿದೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ಕೊಡುತ್ತಾರೆ. ಅಳತೆ ತಪ್ಪಿ ಸಂದು ಬಿಟ್ಟರೆ ಮದ್ದಳೆಯ ತಗ್ಗು ನಾದ ಸೋರಿ ಹೋಗುತ್ತದೆ. ಸೌಂಡ್ ಸರಿ ಇಲ್ಲ ಅಂತ ಬದಿಗಿಟ್ಟ ಇಯರ್‌ಫೋನ್ ತುದಿ ಬದಲಿಸಿದ ಕೂಡಲೇ ಸರಿಯಾಗುವುದುಂಟು.

ತಂತಿಯೋ, ಬ್ಲೂಟೂತೋ? ಒಂದೇ ಬೆಲೆಯಲ್ಲಿ ಧ್ವನಿ ಮಾತ್ರ ನೋಡಿದರೆ ತಂತಿಯದ್ದೇ ಸಾಮಾನ್ಯವಾಗಿ ಮೇಲು. ಬ್ಲೂಟೂತ್‌ನಲ್ಲಿ ಕೊಟ್ಟ ಹಣ ಬ್ಯಾಟರಿಗೂ ಚಿಪ್‌ಗೂ ಹಂಚಿ ಹೋಗುತ್ತದೆ. ಆ ಸಣ್ಣ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಬದಲಿಸುವುದೂ ಕಷ್ಟ. ಸೋನಿಯ ‘ಎಂಡಿಆರ್ 7506’ ಎಂಬ ತಂತಿಯ ಹೆಡ್‌ಫೋನ್ 1991ರಲ್ಲಿ ಬಂದದ್ದು, ಮೂವತ್ತು ವರ್ಷ ದಾಟಿದರೂ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದೆ. ಹೊಸ ಮಾಡೆಲ್ ಅಂದ ಮಾತ್ರಕ್ಕೆ ಒಳ್ಳೆಯ ಧ್ವನಿ ಅಂತ ಅಲ್ಲ. ಆದರೆ ಅನೇಕ ಹೊಸ ಮೊಬೈಲ್‌ಗಳಲ್ಲಿ ತಂತಿ ಸಿಕ್ಕಿಸುವ ಹಳೆಯ ದುಂಡು ತೂತೇ ಇಲ್ಲ. ಕೊಳ್ಳುವ ಮೊದಲು ಅದನ್ನು ನೋಡಿಕೊಳ್ಳಿ, ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಬೇಕು.

ಪೆಟ್ಟಿಗೆ ಮೇಲಿನ ಶಬ್ದಗಳು

ಎ.ಎನ್.ಸಿ. ಎಂದರೆ ಹೊರಗಿನ ಗದ್ದಲ ನಿಮಗೆ ಕೇಳದಂತೆ ಮಾಡುವ ವ್ಯವಸ್ಥೆ. ಹೊರಗಿನ ಸದ್ದನ್ನು ಮೈಕ್ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆ ಕಳುಹಿಸಿ ಅಡಗಿಸುತ್ತದೆ. ರೈಲು, ಫ್ಯಾನ್‌ನಂತಹ ಒಂದೇ ಸಮನೆಯ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಇ.ಎನ್.ಸಿ. ಬೇರೆ. ಅದು ಕರೆಯ ಆ ಕಡೆ ಇರುವವರಿಗೆ ನಿಮ್ಮ ಸುತ್ತಲಿನ ಗದ್ದಲ ಕೇಳದಂತೆ ಮಾಡುವುದು. ಸಂಗೀತ ಕೇಳುವವರಿಗೆ ಅದರಿಂದ ಲಾಭ ಇಲ್ಲ. ಎರಡನ್ನೂ ಒಂದೇ ಎಂದು ತಿಳಿದು ಹಣ ಕೊಟ್ಟು ಬರಬೇಡಿ. ಇನ್ನೊಂದು: ಹಳೆಯ ಕ್ಯಾಸೆಟ್‌ನಿಂದ ಬಂದ ‘ಸುಂಯ್’ ಸದ್ದನ್ನು ಎ.ಎನ್.ಸಿ. ತೆಗೆಯಲಾರದು. ಅದು ಧ್ವನಿಮುದ್ರಣದ ಒಳಗೇ ಇರುವಂಥದ್ದು. ದುಬಾರಿ ಹೆಡ್‌ಫೋನ್‌ನಲ್ಲಿ ಅದು ಇನ್ನಷ್ಟು ಸ್ಪಷ್ಟವಾಗಿ ಕೇಳಲೂಬಹುದು!

20ರಿಂದ 20,000 ಹರ್ಟ್ಜ್ ಎಂಬ ಬರಹ ಬಹುಮಟ್ಟಿಗೆ ಎಲ್ಲ ಪೆಟ್ಟಿಗೆಯಲ್ಲೂ ಇರುತ್ತದೆ. ಅದು ಮನುಷ್ಯನ ಕಿವಿಯ ಮಿತಿ, ಅದರಿಂದ ಗುಣಮಟ್ಟ ತಿಳಿಯದು. ಒಳಗಿನ ಡ್ರೈವರ್ ಎಷ್ಟು ಮಿಲಿಮೀಟರ್ ಎಂಬುದೂ ಹಾಗೆಯೇ, ದೊಡ್ಡದಾದ ಮಾತ್ರಕ್ಕೆ ಧ್ವನಿ ಚೆಂದವಾಗದು. ತಂತಿಯದ್ದಾದರೆ ಓಮ್ ಲೆಕ್ಕ ನೋಡಬೇಕು. 16ರಿಂದ 32 ಓಮ್ ಇದ್ದರೆ ಮೊಬೈಲ್‌ಗೆ ಸರಿ. 250, 300 ಓಮ್ ಇದ್ದರೆ ಬೇರೆ ಆಂಪ್ಲಿಫೈಯರ್ ಬೇಕಾದೀತು, ಇಲ್ಲದಿದ್ದರೆ ಧ್ವನಿ ಸಣ್ಣದು.

ಮಳೆಗಾಲದ ನಾಡಿನವರು ಐ.ಪಿ.ಎಕ್ಸ್. ಅಂಕಿ ನೋಡುವುದು ಒಳ್ಳೆಯದು. 4 ಇದ್ದರೆ ಬೆವರು, ಹನಿ ನೀರು ತಡೆದೀತು. ಜೂನ್ ಮಳೆಯಲ್ಲಿ ನೆನೆಸಿಕೊಂಡು ಬರಬಹುದು ಎಂದರ್ಥವಲ್ಲ. ಆಟಿ ತಿಂಗಳಲ್ಲಿ ಮೆತ್ತೆಗೆ ಬೂಸ್ಟು ಹಿಡಿಯದಂತೆ ಒರೆಸಿ, ಒಣಗಿದ ಜಾಗದಲ್ಲಿಡಬೇಕು. ಮೆತ್ತೆ ಬದಲಿಸಲು ಸಿಗುತ್ತದಾ ಎಂದು ಮೊದಲೇ ಕೇಳಿಕೊಳ್ಳಿ.

ಬ್ಲೂಟೂತ್ ಹೆಡ್‌ಫೋನ್‌ಗೆ ಭಾರತದಲ್ಲಿ ಬಿ.ಐ.ಎಸ್. ನೋಂದಣಿ ಕಡ್ಡಾಯ. ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಅದು ಸುರಕ್ಷತೆಯ ಗುರುತು, ಧ್ವನಿಯ ಸರ್ಟಿಫಿಕೇಟ್ ಅಲ್ಲ. ಗಲ್ಫ್‌ನಿಂದ ಅಣ್ಣನೋ ಭಾವನೋ ತಂದು ಕೊಟ್ಟ ಹೆಡ್‌ಫೋನ್‌ಗಳು ಈ ಕಡೆ ಬಹಳ. ಅದರ ವಾರಂಟಿ ಇಲ್ಲಿ ನಡೆಯುತ್ತದಾ ಎಂದು ಅಲ್ಲಿಂದಲೇ ವಿಚಾರಿಸಿ ತರುವುದು ಲೇಸು. ಬಿಲ್ಲನ್ನೂ ಜೊತೆಗೇ ತರಲು ಹೇಳಿ.

ಕಿವಿಗೆ ವಾರಂಟಿ ಇಲ್ಲ

ಹೆಡ್‌ಫೋನ್ ಹಾಳಾದರೆ ಇನ್ನೊಂದು ತರಬಹುದು. ಒಳಗಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ 100 ಕೋಟಿಗೂ ಹೆಚ್ಚು ಯುವಜನರು ಅತಿ ಜೋರಿನ ಕೇಳುವಿಕೆಯಿಂದ ಶ್ರವಣ ನಷ್ಟದ ಅಪಾಯದಲ್ಲಿದ್ದಾರೆ. ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ಬರೀ 4 ಗಂಟೆ. 100ಕ್ಕೆ ಹೋದರೆ ವಾರವಿಡೀ ಸೇರಿ ಸುಮಾರು 20 ನಿಮಿಷ! ಮಕ್ಕಳಿಗೆ 75 ಡೆಸಿಬೆಲ್‌ಗಿಂತ ಮೇಲೆ ಬೇಡ ಎನ್ನುತ್ತದೆ ಸಂಸ್ಥೆ. ಮನೆಯಲ್ಲಿ ಡೆಸಿಬೆಲ್ ಅಳೆಯುವುದು ಹೇಗೆ? ವಾಲ್ಯೂಮ್ ಶೇ. 60 ದಾಟದಿದ್ದರೆ ಸಾಕು ಎಂಬುದು ಸುಲಭದ ಲೆಕ್ಕ. ಅನೇಕ ಮೊಬೈಲ್‌ಗಳ ಸೆಟ್ಟಿಂಗ್ಸ್‌ನಲ್ಲಿ ಮಿತಿ ಹಾಕಿಡಲೂ ಬರುತ್ತದೆ.

ಮೊದಲು ಹೇಳಿದ ಸೂತ್ರಕ್ಕೆ ಬೆಲೆ ಬರುವುದು ಇಲ್ಲಿಯೇ. ಸಣ್ಣ ವಾಲ್ಯೂಮ್‌ನಲ್ಲಿ ಸ್ಪಷ್ಟ ಕೇಳುವ ಹೆಡ್‌ಫೋನ್ ಇದ್ದವನಿಗೆ 60 ದಾಟುವ ಅಗತ್ಯವೇ ಬರುವುದಿಲ್ಲ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ‘ಕುಂಯ್’ ಅಂದರೆ ಅದು ಎಚ್ಚರಿಕೆ. ಮನೆಯ ಹಿರಿಯರು ದಿನೇ ದಿನೇ ವಾಲ್ಯೂಮ್ ಏರಿಸುತ್ತಿದ್ದರೆ ಇನ್ನೂ ದುಬಾರಿ ಹೆಡ್‌ಫೋನ್ ತಂದು ಕೊಡುವುದು ಪರಿಹಾರವಲ್ಲ. ಮೊದಲು ಕಿವಿಯ ಡಾಕ್ಟರಲ್ಲಿ ಕರೆದುಕೊಂಡು ಹೋಗಿ ಶ್ರವಣ ಪರೀಕ್ಷೆ ಮಾಡಿಸಬೇಕು.

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ದಿನಾ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ ಮಕ್ಕಳಿಗೆ ಎ.ಎನ್.ಸಿ. ಇರುವುದು ನಿಜಕ್ಕೂ ಉಪಯೋಗ. ಗಾಡಿಯ ಸದ್ದು ಕಡಿಮೆಯಾದರೆ ಹಾಡಿನ ವಾಲ್ಯೂಮ್ ಏರಿಸಬೇಕಿಲ್ಲ. ಆದರೆ ಗಾಡಿ ಇಳಿದ ಕೂಡಲೇ ಅದನ್ನು ತೆಗೆದು ಚೀಲಕ್ಕೆ ಹಾಕಬೇಕು. ಹಳಿ ದಾಟುವಾಗ, ಹೆದ್ದಾರಿ ದಾಟುವಾಗ ಕಿವಿ ಖಾಲಿ ಇರಲಿ. ರೈಲಿನ ಹಾರ್ನ್ ಕೇಳಿಸದೆ ಜೀವ ಕಳೆದುಕೊಂಡ ಸುದ್ದಿಗಳು ದೇಶದಲ್ಲಿ ಮತ್ತೆ ಮತ್ತೆ ಬರುತ್ತಲೇ ಇವೆ.

ಕೊನೆಗೆ ಖರ್ಚಿನ ಮಾತು. ಮನೆಯಲ್ಲಿ ಮಾತ್ರ ಕೇಳುವವರಾದರೆ ಎ.ಎನ್.ಸಿ.ಗೆ ಕೊಡುವ ಹಣವನ್ನು ಒಳ್ಳೆಯ ತಂತಿಯ ಹೆಡ್‌ಫೋನ್‌ಗೆ ಕೊಡಿ. ಪ್ರಯಾಣದವರಾದರೆ ಕಿವಿಗೆ ಸರಿಯಾಗಿ ಕೂರುವ ತುದಿ ಮೊದಲು, ಉಳಿದದ್ದು ಆಮೇಲೆ. ಬಣ್ಣ, ಬೆಳಕು, ಪೆಟ್ಟಿಗೆ ಮೇಲಿನ ದೊಡ್ಡ ಅಕ್ಷರ ಇವಕ್ಕೆಲ್ಲ ಕೊನೆಯ ಸಾಲಿನಲ್ಲಿ ಜಾಗ. ವಾಲ್ಯೂಮ್ ಅರ್ಧಕ್ಕಿಟ್ಟಾಗ ಅರ್ಥಧಾರಿಯ ಒಂದು ಮಾತೂ ತಪ್ಪದೆ ಕೇಳಿದರೆ, ಬೆಲೆ ಎಷ್ಟೇ ಇರಲಿ, ನಿಮಗೆ ಬೇಕಾದ ಹೆಡ್‌ಫೋನ್ ಅದೇ.