ಇನ್ವರ್ಟರ್ ಕೀಂ ಕೀಂ ಅಂದರೆ

ಸಂಜೆ ಏಳು ಗಂಟೆ. ಊರಿನಲ್ಲಿ ಕರೆಂಟು ಹೋಯಿತು. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರ ಮನೆಯಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಅವರದು ಹೊಲಿಗೆ ಕೆಲಸ. ಸಂಘದಲ್ಲಿ ಸಾಲ ಪಡೆದು ಮನೆಯ ಮೇಲೆ ಸೋಲಾರ್ ಹಾಕಿಸಿದ್ದರು. ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್ ಮೂರೂ ಬಂದಿದ್ದವು. ರಾತ್ರಿ ಹೊತ್ತೂ ಮಿಷನ್ ತುಳಿಯದೆ, ಮೋಟಾರಿನಲ್ಲಿ ಹೊಲಿಯಬಹುದು. ಕಂತು ತೀರಿಸಬಹುದು. ಇದು ಅವರ ಲೆಕ್ಕ.

ಅವತ್ತು ಕೈಯಲ್ಲಿ ಮದುವೆ ಮನೆಯ 14 ರವಿಕೆ ಇದ್ದವು. ಇನ್ನು ಎರಡೇ ದಿನ. ಕರೆಂಟು ಹೋದ ಮೇಲೂ ಒಂದೆರಡು ನಿಮಿಷ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಇನ್ವರ್ಟರ್ ಕೀಂ ಕೀಂ ಎಂದು ಕೂಗಿತು. ಕೆಂಪು ದೀಪ ಹತ್ತಿತು. ಮನೆಯೆಲ್ಲ ಕತ್ತಲು. ಆಫ್ ಮಾಡಿ ಆನ್ ಮಾಡಿದರು. ನಾಲ್ಕು ಸೆಕೆಂಡು ಬೆಳಕು, ಮತ್ತೆ ಕೀಂ ಕೀಂ, ಮತ್ತೆ ಕತ್ತಲು.

ರಿಪೇರಿಯವನಿಗೆ ಫೋನ್ ಮಾಡಿದರು. ಆತ ಬಂದು ನೋಡಲೇ ಇಲ್ಲ. "ಒಳಗೆ ಬೋರ್ಡು ಸುಟ್ಟಿರತ್ತೆ, ನಾಲ್ಕು ಸಾವಿರ ಆಗತ್ತೆ" ಅಂದುಬಿಟ್ಟ. ಯಜಮಾನರು ಇನ್ನೊಂದು ಪ್ಯಾನೆಲ್ ಹಾಕಿಸೋಣ ಅಂದರು. ಅಕ್ಕ ಟಾರ್ಚು ಹಿಡಿದು ನಮ್ಮ ಹತ್ತಿರ ಬಂದರು. "ಟೀಚರೇ, ಆ ಕೆಂಪು ದೀಪದ ಪಕ್ಕ ಏನೋ ಇಂಗ್ಲಿಷಿನಲ್ಲಿ ಬರೆದಿದೆ. ಒಂಚೂರು ಓದಿ ಹೇಳ್ರಿ."

ಹೋಗಿ ನೋಡಿದೆವು. ಅಲ್ಲಿ ಬರೆದಿದ್ದದ್ದು 'ಓವರ್‌ಲೋಡ್'. ಅಂದರೆ ಹೊರೆ ಹೆಚ್ಚಾಯಿತು ಎಂದು. ಸುಟ್ಟಿದೆ ಎಂದಲ್ಲ.

ಹೊರೆ ಎಂದರೆ ಏನು?

ಪ್ಯಾನೆಲ್ಲು ಬಿಸಿಲಿನಿಂದ ಕರೆಂಟು ಮಾಡುತ್ತದೆ. ಬ್ಯಾಟರಿ ಅದನ್ನು ಕೂಡಿಡುತ್ತದೆ. ಆದರೆ ಬ್ಯಾಟರಿಯ ಕರೆಂಟೇ ಬೇರೆ, ನಮ್ಮ ಫ್ಯಾನು ಮಿಕ್ಸಿಗಳಿಗೆ ಬೇಕಾದ ಕರೆಂಟೇ ಬೇರೆ. ಅದನ್ನು ಇದಾಗಿ ಮಾಡಿ ಕೊಡುವುದು ಇನ್ವರ್ಟರ್.

ಬಾವಿಯನ್ನು ನೆನೆಯಿರಿ. ಬಾವಿ ಎಂದರೆ ಬ್ಯಾಟರಿ. ಬಾವಿಗೆ ನೀರು ತುಂಬುವ ಒರತೆ ಎಂದರೆ ಪ್ಯಾನೆಲ್. ನೀರು ಹೊರುವ ಹೆಂಗಸು ಇನ್ವರ್ಟರ್. ಬಾವಿ ತುಂಬಿ ತುಳುಕುತ್ತಿರಬಹುದು. ಆದರೂ ಅವಳು ಒಂದು ಸಲಕ್ಕೆ ಹೊರುವುದು ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ನಾಲ್ಕು ಕೊಡ ಹೊರು ಅಂದರೆ ಇಳಿಸಿ ನಿಂತುಬಿಡುತ್ತಾಳೆ. ಇನ್ವರ್ಟರ್ ಮಾಡಿದ್ದೂ ಅದನ್ನೇ. ತನ್ನ ಮೈ ಸುಟ್ಟುಕೊಳ್ಳುವ ಮೊದಲೇ ಹೊರೆ ಇಳಿಸಿ ನಿಂತಿತು. ಕೂಗಿ ಹೇಳಿತು.

ಯಜಮಾನರಿಗೂ ಇದನ್ನೇ ಹೇಳಿದೆವು. ಇನ್ನೊಂದು ಪ್ಯಾನೆಲ್ ಹಾಕಿದರೆ ಬಾವಿಗೆ ನೀರು ಹೆಚ್ಚು ಬರುತ್ತದೆ ಅಷ್ಟೆ. ಹೊರುವವಳ ತಾಕತ್ತು ಹೆಚ್ಚುವುದಿಲ್ಲ.

ತೂಕ ತಿಳಿಯುವುದು ಹೇಗೆ?

ಅಕ್ಕಿಯನ್ನು ಕಿಲೋದಲ್ಲಿ ತೂಗುತ್ತೇವೆ. ಕರೆಂಟಿನ ಹೊರೆಯನ್ನು ವಾಟ್ ಎಂದು ಅಳೆಯುತ್ತೇವೆ. (ಜೇಮ್ಸ್ ವಾಟ್ ಎಂಬುವನ ಹೆಸರು ಅದು. ಹಬೆಯ ಯಂತ್ರವನ್ನು ಚೆನ್ನಾಗಿ ಕೆಲಸ ಮಾಡುವಂತೆ ತಿದ್ದಿದವನು.) ಪ್ರತಿ ಸಾಮಾನಿನ ಬೆನ್ನಿಗೋ ತಳಕ್ಕೋ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಒಂದು ಸಂಖ್ಯೆ, ಮುಂದೆ ಇಂಗ್ಲಿಷಿನ 'ಡಬ್ಲ್ಯೂ' ಅಕ್ಷರ. ಆ ಅಕ್ಷರ ಗೊತ್ತಿಲ್ಲವೇ? ಹೊಲಿಗೆಯಲ್ಲಿ ಅಂಕುಡೊಂಕು ಟಾಕು ಹಾಕುತ್ತೀರಲ್ಲ, ಹಾಗೇ ಇರುತ್ತದೆ. ಎರಡು ಸಲ ಕೆಳಗೆ, ಎರಡು ಸಲ ಮೇಲೆ. ಅಕ್ಕ ಇದನ್ನು ಒಂದೇ ಸಲಕ್ಕೆ ಗುರುತು ಹಿಡಿದರು.

ಆವತ್ತು ರಾತ್ರಿ ಟಾರ್ಚು ಹಿಡಿದು ಚೀಟಿ ಓದಿದವರು ಅವರೇ. ನಾವು ಬರೆದುಕೊಂಡೆವು. ಎಲ್‌ಇಡಿ ಬಲ್ಬು 9 ವಾಟ್, ಅಂಥವು ಮೂರು, ಒಟ್ಟು 27. ಫ್ಯಾನು 75. ಟಿ.ವಿ. 60. ಹೊಲಿಗೆ ಮಿಷನ್ನಿನ ಮೋಟಾರು 100. ಎಲ್ಲ ಕೂಡಿಸಿದರು. ಬಂದದ್ದು 262.

ಇನ್ನು ಇನ್ವರ್ಟರ್ ಎಷ್ಟು ಹೊರುತ್ತದೆ? ಅದರ ಮೇಲೆ 1000 ವಿಎ ಎಂದಿತ್ತು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 1000 ವಿಎ ಅಂದರೆ 1000 ವಾಟ್ ಅಲ್ಲ. ಸಾಮಾನ್ಯವಾಗಿ ಅದರ ನೂರಕ್ಕೆ 80ರಷ್ಟು ವಾಟ್ ಹೊರುತ್ತದೆ. ಕೆಲವು ಇನ್ನೂ ಕಡಿಮೆ ಹೊರುತ್ತವೆ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ವಾಟ್ ಎಷ್ಟು ಎಂದು ಬರೆದಿರುತ್ತದೆ. ಅಂಗಡಿಯವನನ್ನು ಕೇಳುವಾಗಲೂ "ವಿಎ ಬೇಡ, ವಾಟ್ ಹೇಳಪ್ಪ" ಎಂದೇ ಕೇಳಿ. ಅಕ್ಕನ ಇನ್ವರ್ಟರ್ 800 ವಾಟ್ ಹೊರುವಂಥದು.

800 ಹೊರುವವಳ ಮೇಲೆ 262 ಹೊರೆ. ಹಾಗಾದರೆ ಕೂಗಿದ್ದು ಯಾಕೆ?

ಒಂದೊಂದಾಗಿ ಹುಡುಕಿದೆವು

ಮೊದಲು ಇನ್ವರ್ಟರ್ ಆಫ್ ಮಾಡಿಸಿದೆವು. ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆಫ್ ಮಾಡಿಸಿದೆವು. ಹತ್ತು ನಿಮಿಷ ಬಿಟ್ಟೆವು. ಇನ್ವರ್ಟರ್ ಬಿಸಿಯಾಗಿತ್ತು. ಅದರ ಮೇಲೆ ಮಡಿಸಿದ ಬಟ್ಟೆಯ ಗಂಟು ಬೇರೆ ಇಟ್ಟಿದ್ದರು. ಗಾಳಿ ಆಡುವ ಕಿಂಡಿಗಳೆಲ್ಲ ಮುಚ್ಚಿಹೋಗಿದ್ದವು. ಗಂಟು ತೆಗೆಸಿದೆವು.

ಆಮೇಲೆ ಇನ್ವರ್ಟರ್ ಒಂದನ್ನೇ ಆನ್ ಮಾಡಿದೆವು. ಕೂಗಲಿಲ್ಲ. ಹಸಿರು ದೀಪ ನಿಂತಿತು. ಅಂದರೆ ಅದರ ಒಳಗೆ ಏನೂ ಸುಟ್ಟಿರಲಿಲ್ಲ. ಅಕ್ಕ ನಿಟ್ಟುಸಿರು ಬಿಟ್ಟರು.

ಬಲ್ಬು ಹಾಕಿದೆವು, ಸರಿ. ಫ್ಯಾನು ಹಾಕಿದೆವು, ಸರಿ. ಟಿ.ವಿ. ಹಾಕಿದೆವು. ಮಿಷನ್ ಹಾಕಿದೆವು. ಎಲ್ಲ ಸರಿ. ಒಳಕೋಣೆಯ ಬೋರ್ಡಿನಲ್ಲಿ ಇನ್ನೊಂದು ಸ್ವಿಚ್ಚು ಉಳಿದಿತ್ತು. ಅದು ಯಾವುದರದು ಎಂದು ಅಕ್ಕನಿಗೂ ನೆನಪಿರಲಿಲ್ಲ. ಒತ್ತಿದರು. ಕೀಂ ಕೀಂ!

ಪರದೆ ಸರಿಸಿ ನೋಡಿದರೆ ಇಸ್ತ್ರಿ ಪೆಟ್ಟಿಗೆ. ಹೊಲಿಗೆಯ ಅಂಚು ಕೂರಿಸಲು ಸಂಜೆ ಹಾಕಿದ್ದು, ಹಾಗೇ ಮರೆತಿದ್ದರು. ತಿರುಗಿಸಿ ಚೀಟಿ ಓದಿದರು. 750 ವಾಟ್! 262ಕ್ಕೆ 750 ಕೂಡಿಸಿ. 1012 ಆಯಿತು. ಹೊರುವುದು 800.

ಅಕ್ಕ ಆಗ ಎರಡು ಪ್ರಶ್ನೆ ಕೇಳಿದರು. ಎರಡೂ ಒಳ್ಳೆಯ ಪ್ರಶ್ನೆಗಳೇ.

"ಕರೆಂಟು ಇದ್ದಾಗ ಇದೇ ಇಸ್ತ್ರಿ ಪೆಟ್ಟಿಗೆ, ಇದೇ ಸ್ವಿಚ್ಚಿನಲ್ಲಿ ಕಾಯ್ತಿತ್ತಲ್ಲ?" ಹೌದು. ಕಂಬದ ಕರೆಂಟು ಇರುವಾಗ ಹೊರೆಯನ್ನು ಕಂಬದ ಲೈನೇ ಹೊರುತ್ತದೆ. ಇಂಥ ಇನ್ವರ್ಟರ್ ಆಗ ದಾರಿ ಬಿಟ್ಟು ನಿಂತಿರುತ್ತದೆ. ಕರೆಂಟು ಹೋದ ಕೂಡಲೇ ಅಷ್ಟೂ ಹೊರೆ ಅದರ ತಲೆಯ ಮೇಲೆ ಬೀಳುತ್ತದೆ.

"ಹಾಗಾದ್ರೆ ಕರೆಂಟು ಹೋದ ಗಳಿಗೆಗೇ ಕೂಗಬೇಕಿತ್ತು. ಎರಡು ನಿಮಿಷ ಸುಮ್ಮನೆ ಯಾಕಿತ್ತು?" ಇಸ್ತ್ರಿ ಪೆಟ್ಟಿಗೆ ಸಾಕಷ್ಟು ಕಾದ ಮೇಲೆ ತಾನಾಗಿ ಆಫ್ ಆಗುತ್ತದೆ. ಅದರ ಸಣ್ಣ ದೀಪ ಆರುತ್ತದೆ. ಸ್ವಲ್ಪ ತಣ್ಣಗಾದರೆ ಟಿಕ್ ಎಂದು ತಾನೇ ಆನ್ ಆಗುತ್ತದೆ. ಕರೆಂಟು ಹೋದಾಗ ಅದು ಆಫ್ ಆಗಿತ್ತು. ಎರಡು ನಿಮಿಷ ಕಳೆದು ಟಿಕ್ ಎಂದಿತು. 750 ವಾಟ್ ಬೇಕು ಎಂದಿತು. ಫ್ರಿಜ್ಜು ಕೂಡ ಹೀಗೇ ನಡುನಡುವೆ ಏಳುತ್ತದೆ. "ಒಂದೊಂದು ಸಲ ಸರಿ ಇರತ್ತೆ, ಒಂದೊಂದು ಸಲ ಕೂಗತ್ತೆ" ಎಂದು ಯಾರಾದರೂ ಹೇಳಿದರೆ, ತಾನಾಗಿ ಏಳುವ ಸಾಮಾನು ಮನೆಯಲ್ಲಿ ಯಾವುದಿದೆ ಎಂದು ಮೊದಲು ಹುಡುಕಿ.

ಏಳುವಾಗ ಹೊರೆ ಹೆಚ್ಚು

ಚೀಟಿಯ ಸಂಖ್ಯೆ ಒಂದನ್ನೇ ನಂಬಿದರೂ ಸಾಲದು. ನಿಂತ ಗಾಡಿಯನ್ನು ಎಳೆಯುವಾಗ ಎತ್ತು ಮೊದಲ ಹೆಜ್ಜೆಗೆ ಎಷ್ಟು ಜಗ್ಗಬೇಕು? ಉರುಳಲು ಶುರುವಾದ ಮೇಲೆ ಅಷ್ಟು ಬೇಡ. ಮೋಟಾರು ಇರುವ ಸಾಮಾನುಗಳೂ ಹಾಗೆ. ಫ್ರಿಜ್ಜು, ನೀರೆತ್ತುವ ಪಂಪು ಏಳುವ ಗಳಿಗೆಯಲ್ಲಿ ಚೀಟಿಯಲ್ಲಿ ಬರೆದದ್ದಕ್ಕಿಂತ ಹಲವು ಪಟ್ಟು ಬೇಡುತ್ತವೆ. ಒಂದು ಎಚ್‌ಪಿ ಪಂಪು ಎಂದರೆ 746 ವಾಟ್. ಅದು ಏಳುವಾಗ ಇಂಥ ಚಿಕ್ಕ ಇನ್ವರ್ಟರ್ ತಡೆಯುವುದಿಲ್ಲ. ಮಿಕ್ಸಿಯೂ ತುಂಬ ಗಟ್ಟಿಯಾದ ಹಿಟ್ಟು ಹಾಕಿದರೆ ಹೆಚ್ಚು ಎಳೆಯುತ್ತದೆ.

ಕಾಯಿಸುವ ಸಾಮಾನುಗಳಂತೂ ಭಾರಿ ಹೊರೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಕರೆಂಟಿನ ಒಲೆ ಇವನ್ನು ಇನ್ವರ್ಟರ್ ಲೈನಿಗೆ ಕೊಡಲೇಬಾರದು. ಇಸ್ತ್ರಿ ಪೆಟ್ಟಿಗೆ ಒಂದನ್ನೇ ಹಾಕಿದರೆ ಅಕ್ಕನ ಇನ್ವರ್ಟರ್ ಹೊರಬಹುದು. ಆದರೆ ಅದು ಒಂದು ಗಂಟೆ ಕಾದರೆ ತಿನ್ನುವ ಕರೆಂಟಿನಲ್ಲಿ 9 ವಾಟಿನ ಬಲ್ಬು 83 ಗಂಟೆ ಉರಿಯುತ್ತದೆ. ಬ್ಯಾಟರಿ ಬಲುಬೇಗ ಖಾಲಿ. ನಮ್ಮ ಅವ್ವಂದಿರ ಕಾಲದಲ್ಲಿ ಭಾಗ್ಯಜ್ಯೋತಿ ಎಂದು 40 ವಾಟಿನ ಒಂದೇ ಒಂದು ಬಲ್ಬು ಕೊಡುತ್ತಿದ್ದರು. ಆಗ ಲೆಕ್ಕ ಹಾಕುವ ತಾಪತ್ರಯವೇ ಇರಲಿಲ್ಲ.

ಎಲ್ಲ ಆಫ್ ಮಾಡಿದರೂ ಕೂಗಿದರೆ?

ಯಾವ ಸಾಮಾನೂ ಇಲ್ಲದೆ ಓವರ್‌ಲೋಡ್ ದೀಪ ಬಂದರೆ ಅದು ನಮ್ಮ ಕೆಲಸವಲ್ಲ. ಗೋಡೆಯೊಳಗಿನ ವೈರು ಎಲ್ಲೋ ಒಂದಕ್ಕೊಂದು ತಾಗಿರಬಹುದು. ಇಲಿ ಕಡಿದಿರಬಹುದು. ಕಂಬದ ಲೈನಿನ ವೈರು, ಇನ್ವರ್ಟರ್ ಲೈನಿನ ವೈರು ಬೆರೆತಿರಬಹುದು. ಇಲ್ಲವೆ ಇನ್ವರ್ಟರೇ ಕೆಟ್ಟಿರಬಹುದು. ಆಫ್ ಮಾಡಿ ಬಿಡಿ. ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಮತ್ತೆ ಮತ್ತೆ ಆನ್ ಮಾಡುತ್ತ ಕೂರಬೇಡಿ. ಸುಟ್ಟ ವಾಸನೆ ಬಂದರಂತೂ ತಿರುಗಿ ಸ್ವಿಚ್ಚು ಮುಟ್ಟಲೇಬೇಡಿ.

ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವವರು ನಮ್ಮೂರಲ್ಲಿ ಇದ್ದಾರೆ. ಗಂಡಸರೇ ಹೆಚ್ಚು, ಹೇಳಿದರೆ ಕೇಳುವುದಿಲ್ಲ. ಫ್ಯೂಸು ಹೋಗುವುದೇ ಮನೆ ಉಳಿಸಲು. ದಪ್ಪ ತಂತಿ ಕಟ್ಟಿದರೆ ಫ್ಯೂಸಿನ ಬದಲು ಗೋಡೆಯ ವೈರು ಸುಡುತ್ತದೆ.

ಪ್ಯಾನೆಲ್ಲಿನ ವೈರನ್ನೂ ಮುಟ್ಟಬೇಡಿ. ಬಿಸಿಲಿರುವಷ್ಟು ಹೊತ್ತೂ ಅದರಲ್ಲಿ ಕರೆಂಟು ಇರುತ್ತದೆ. ಮನೆಯ ಸ್ವಿಚ್ಚು ಆಫ್ ಮಾಡಿದರೂ ಇರುತ್ತದೆ. ಬ್ಯಾಟರಿಯ ಬಳಿ ಬೆಂಕಿಕಡ್ಡಿ, ಸೀಮೆಎಣ್ಣೆ ಬುಡ್ಡಿ ಒಯ್ಯಬೇಡಿ. ಚಾರ್ಜ್ ಆಗುವಾಗ ಅದರಿಂದ ಹೊತ್ತಿಕೊಳ್ಳುವ ಗಾಳಿ ಬರುತ್ತದೆ.

ಇನ್ನೊಂದು ಮಾತು. ಬ್ಯಾಟರಿ ಖಾಲಿಯಾದರೂ ಇನ್ವರ್ಟರ್ ಕೂಗುತ್ತದೆ. ಆದರೆ ಆಗ ಹತ್ತುವ ದೀಪ ಬೇರೆ, ಅದರ ಪಕ್ಕ ಬರೆದಿರುವುದು 'ಲೋ ಬ್ಯಾಟರಿ' ಎಂದು. ಹೊರೆ ಇಳಿಸಿದರೆ ಅದು ಸರಿಯಾಗುವುದಿಲ್ಲ, ಬ್ಯಾಟರಿ ತುಂಬಬೇಕು. ಆದ್ದರಿಂದ ಕೂಗು ಕೇಳಿ ಗಾಬರಿಯಾಗಬೇಡಿ. ಹತ್ತಿರ ಹೋಗಿ ಯಾವ ದೀಪ ಹತ್ತಿದೆ ನೋಡಿ, ಪಕ್ಕದ ಅಕ್ಷರ ನೋಡಿ.

ಆ ರಾತ್ರಿ ಟಿ.ವಿ. ಕೂಡ ಆರಿಸಿ ಅಕ್ಕ ಹನ್ನೊಂದರವರೆಗೆ ಹೊಲಿದರು. ರಿಪೇರಿಯವನಿಗೆ ಬರುವುದು ಬೇಡ ಎಂದು ಅವರೇ ಫೋನ್ ಮಾಡಿದರು. ಮರುವಾರ ಎಲೆಕ್ಟ್ರಿಷಿಯನ್ ಬಂದು ಒಳಕೋಣೆಯ ಪ್ಲಗ್ಗನ್ನು ಇನ್ವರ್ಟರ್ ಲೈನಿನಿಂದ ಬಿಡಿಸಿ ಕಂಬದ ಲೈನಿಗೆ ಕೊಟ್ಟ.

ಮೊನ್ನೆ ಅವರ ಮನೆಗೆ ಹೋಗಿದ್ದೆವು. ಸ್ವಿಚ್ ಬೋರ್ಡಿನ ಪಕ್ಕ ಒಂದು ರಟ್ಟು ನೇತು ಹಾಕಿದ್ದಾರೆ. ದಪ್ಪ ಅಕ್ಷರದಲ್ಲಿ ಅವರೇ ಬರೆದದ್ದು. ಬಲ್ಬು 27, ಫ್ಯಾನು 75, ಟಿ.ವಿ. 60, ಮಿಷನ್ 100. ಕೆಳಗೆ ಗೆರೆ ಎಳೆದು 262. ಅದರ ಕೆಳಗೆ ಕೆಂಪು ಶಾಯಿಯಲ್ಲಿ: "ಇಸ್ತ್ರಿ ಕರೆಂಟು ಬಂದ ಮೇಲೆ." ಇಸ್ತ್ರಿ ಬರೆಯುವಾಗ ಒತ್ತಕ್ಷರ ಒಂದು ಬಿಟ್ಟಿದ್ದರು. ನಾವು ತಿದ್ದುವ ಮೊದಲೇ ಅವರ ಮೂರನೇ ಕ್ಲಾಸಿನ ಮಗಳು ತಿದ್ದಿದ್ದಳು.